ಹೇಸಿಗೆ ರಜೆ

ಬೇಸಿಗೆ ರಜೆ ಎನ್ನುವುದೇ ಅಚ್ಚಿನ ತಪ್ಪು, ಅದು ಹೇಸಿಗೆ ರಜೆ ಎಂದಿರಬೇಕಿತ್ತು ಎಂದು ಛೀಫ್ ಪ್ರತಿವರ್ಷ ಹೇಳುತ್ತಿದ್ದರು. ಹೇಳಿಯೂ ಹೋಗುತ್ತಿದ್ದರು. ಹೋಗಿ, ಅರ್ಧ ದಾರಿಯಲ್ಲಿ ಮೂಗು ಮುಚ್ಚಿಕೊಂಡು ವಾಪಸಾಗುತ್ತಿದ್ದರು. ಈ ಸಲ ಮಾತ್ರ ವಾಪಸಾಗಲಿಲ್ಲ. ಯಾಕೆ ಎನ್ನುವುದೇ ಈ ಕಥೆ. ಇದು ಅಪ್ಪಟ ನಿಜ. ಒಂದಕ್ಷರ ಸುಳ್ಳಿದ್ದರೂ ಹೇಳಿದವರ ಬಿಳಿ ಅಂಗಿಗೆ ಶಾಯಿ ಚೆಲ್ಲಲಿ.

ಅವರದು ಡ್ರೈ ಕ್ಲೀನಿಂಗ್ ಅಂಗಡಿ. ಕೆಲಸದವರು ಮೊದಲು ಗೌರವದಿಂದ 'ಚೀಫ್' ಎಂದೇ ಕರೆಯುತ್ತಿದ್ದರು. ಆದರೆ ಒಂದೊಂದು ಬಟ್ಟೆ ಬಿಚ್ಚಿದಾಗಲೂ ಯಜಮಾನರ ಬಾಯಿಂದ ಹೊರಡುವ ಮೊದಲ ಮಾತು ಕೇಳಿ ಕೇಳಿ, ಆ ಚಕಾರ ತಾನಾಗಿಯೇ ಮಹಾಪ್ರಾಣವಾಯಿತು. ಛೀಫ್‌ಗೆ ಜಗತ್ತೆಂದರೆ ಕಲೆ. ಹಾಡುವ, ಕುಣಿಯುವ, ಚಿತ್ರ ಬರೆಯುವ ಕಲೆಯಲ್ಲ. ಕಾಲರಿನ ಬೆವರಿನ ಕಲೆ, ಜೇಬಿನ ಶಾಯಿಯ ಕಲೆ. ಹೆಬ್ಬೆರಳಿನ ಉಗುರಿಂದ ಒಮ್ಮೆ ಕೆರೆದು, ಮೂಗಿಗೆ ಹಿಡಿದು, "ಛೀ, ಮೊಟ್ಟೆ. ಅದರ ಮೇಲೆ ಬಿಸಿನೀರು ಬೇರೆ ಹಾಕಿ ಬಟ್ಟೆ ಮೇಲೇ ಬೇಯಿಸಿಟ್ಟಿದೀರಿ" ಎಂದರೆ ಗಿರಾಕಿ ತಲೆ ತಗ್ಗಿಸಬೇಕು, ಅಷ್ಟೆ.

ಇಂಥ ಮೂಗು ಅಂಗಡಿಯಲ್ಲಿ ಅನ್ನ ಹಾಕುತ್ತದೆ, ರಜೆಯಲ್ಲಿ ಅನ್ನ ಕಿತ್ತುಕೊಳ್ಳುತ್ತದೆ. ಈ ಸಲ ಕಡಲೂರಿನ ಲಾಡ್ಜಿಗೆ ಬಂದಿಳಿದ ಸಂಜೆಯೇ ಅವರು ದಿಂಬಿನ ಕವರು ಹಿಡಿದುಕೊಂಡು ಕೌಂಟರಿಗೆ ಇಳಿದು, "ಈ ದಿಂಬಿನ ಮೇಲೆ ನನಗಿಂತ ಮುಂಚೆ ಮೂರು ತಲೆ ಮಲಗಿವೆ. ಒಂದಕ್ಕೆ ಹೊಟ್ಟಿತ್ತು" ಎಂದು ವರದಿ ಒಪ್ಪಿಸಿ ಬಂದಿದ್ದರು. ಮಗ್ಗಿನ ತಳದಲ್ಲಿ ಲೋಳೆ. ಸೋಪಿನ ಮೇಲೆ ಒಂದು ಗುಂಗುರು ಕೂದಲು. ಅವರ ಮನೆಯವರಲ್ಲಿ ಯಾರದೂ ಗುಂಗುರು ಕೂದಲಲ್ಲ.

ಅವರ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಮಗಳ ಟೋಪಿಗೆ ದಾರ ಪೋಣಿಸುತ್ತಿದ್ದಳು.

"ನಾಳೆ ದಡದ ಮೇಲೇ ನಡ್ಕೊಂಡು ಮೂರೂ ಬೀಚು ನೋಡ್ತೀವಿ ರೀ. ಬೆಳಿಗ್ಗೆ ಹೊರಟ್ರೆ ಸಂಜೆಗೆ ಮೂರನೇದು."

"ನಡಿಯೋಣ."

"ನಿಮಗೆ ಮಧ್ಯದಲ್ಲಿ ಆಗಲಿಲ್ಲ ಅಂದ್ರೆ ವಾಪಸ್ ಹೋಗಿ. ನನಗೇನೂ ಸಿಟ್ಟಿಲ್ಲ. ಆದ್ರೆ ಮುಂದಿನ ವರ್ಷದಿಂದ ನಾನು, ಮಗಳು, ನನ್ನ ತಮ್ಮ, ಮೂರೇ ಜನ ಹೋಗ್ಬರ್ತೀವಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ."

ಸಿಟ್ಟಿಲ್ಲ ಎಂದದ್ದೇ ಛೀಫ್‌ನ ಎದೆಗೆ ಚುಚ್ಚಿತು. ಹೆಂಡತಿಯ ಸಿಟ್ಟಿನ ಕಲೆ ಎರಡು ದಿನಕ್ಕೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಇದು ಬಣ್ಣವೇ ಇಲ್ಲದ ಕಲೆ. ಹೋದ ವರ್ಷದ ರಜೆಯ ಫೋಟೋಗಳಲ್ಲಿ ಮೂವರೂ ನೀರೆರಚಿಕೊಂಡು ನಗುತ್ತಿದ್ದರು. ಛೀಫ್ ಇದ್ದದ್ದು ಒಂದೇ ಒಂದರಲ್ಲಿ, ಅದೂ ಕರವಸ್ತ್ರದ ಹಿಂದೆ. ಆ ಫೋಟೋಗಳನ್ನು ಅವರು ಅಂಗಡಿಯಲ್ಲಿ ಒಬ್ಬರೇ ಇದ್ದಾಗ ಎಷ್ಟೋ ಸಲ ತೆಗೆದು ನೋಡಿದ್ದರು. ಮನಸ್ಸೇನೋ ನಡೆಯಲು ಸಿದ್ಧವಿತ್ತು. ಹೊಟ್ಟೆ ಮನಸ್ಸಿಗಿಂತ ಮುಂಚೆ ತೊಳಸುತ್ತಿತ್ತು, ಅದಕ್ಕೇನು ಮಾಡುವುದು?

ಬೆಳಿಗ್ಗೆ ಅವರು ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು.

"ನಮಸ್ಕಾರ. ನಾವು ಕಡಲತೀರ ಕಚೇರಿಯಿಂದ ಮಾತಾಡ್ತಾ ಇದೀವಿ." ದನಿ ಗಂಟಲಿನ ತಳದಿಂದ, ಕಡತದ ಧೂಳು ಕೊಡವಿಕೊಂಡು ಬರುತ್ತಿತ್ತು. "ತಾವು ದಿಂಬು ನೋಡಿ ತಲೆ ಲೆಕ್ಕ ಹಾಕಿದ್ರಂತೆ, ಲಾಡ್ಜಿನೋರು ಹೇಳಿದ್ರು. ಮೂರನೇ ಬೀಚಲ್ಲಿ ಭಾರೀ ಕಲೆ ಇದೆ ಸಾರ್. ತಮ್ಮಂಥ ತಜ್ಞರು ಒಂದ್ಸಲ ನೋಡಿ ಅಭಿಪ್ರಾಯ ಹೇಳ್ಬೇಕು."

"ಎಂಥ ಕಲೆ? ಎಣ್ಣೆದಾ?"

"ಅದನ್ನ ತಾವೇ ಹೇಳ್ಬೇಕು. ಎಷ್ಟು ಉದ್ದ ಇದೆ ಅಂತೀರಾ! ರಸ್ತೇಲಿ ಬರಬೇಡಿ ಸಾರ್, ದಡದ ಮೇಲೇ ಬನ್ನಿ. ಆಗ್ಲೇ ಹಿನ್ನೆಲೆ ತಿಳಿಯೋದು."

ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುವ ಬಾಮೈದ ಆ ಹೊತ್ತಿಗೆ ಸ್ನಾನದ ಮನೆಯಲ್ಲಿದ್ದ. ಒಳಗೆ ನಲ್ಲಿ ಭೋರೆಂದು ಸುರಿಯುತ್ತಿತ್ತು. ಫೋನಿನಲ್ಲೂ ನೀರು ಭೋರೆನ್ನುತ್ತಿತ್ತು. ಛೀಫ್ ಅದನ್ನು ಸಮುದ್ರ ಎಂದುಕೊಂಡರು. ಅಧಿಕಾರಿಯಿಂದ ಹಿಡಿದು ಕುಕ್ಕರಿನ ಸೀಟಿಯವರೆಗೆ ಯಾರ ದನಿ ಬೇಕಾದರೂ ತೆಗೆಯುವ ಬಾಮೈದನ ಹತ್ತಿರ ಎರಡು ಸಿಮ್ಮುಗಳಿವೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

"ಏನಂತೆ?" ಎಂದಳು ಹೆಂಡತಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು.

"ಸರ್ಕಾರಿ ಕೆಲಸ" ಎಂದರು ಛೀಫ್, ಬ್ಯಾಗಿಗೆ ಸ್ಪಿರಿಟ್ಟಿನ ಬಾಟಲಿ, ಮೆತ್ತನೆಯ ಬ್ರಷ್ಷು ತುಂಬುತ್ತಾ. "ಮೂರನೇ ಬೀಚಿಗೆ ಹೋಗಲೇಬೇಕು."

ಮೊದಲ ಬೀಚಿನಲ್ಲಿ ಜನವೋ ಜನ. ನೆಕ್ಕಿ ಬಿಟ್ಟ ಐಸ್‌ಕ್ರೀಮಿನ ಕಡ್ಡಿ, ಅದರ ಸುತ್ತ ಇರುವೆ, ಇರುವೆಯ ಸುತ್ತ ಮರಳು, ಆ ಮರಳನ್ನೇ ಬಾಯಿಗಿಟ್ಟುಕೊಂಡ ಯಾರದೋ ಕೂಸು. ನೀರಿನಲ್ಲಿ ಒಬ್ಬ ದಪ್ಪ ಮನುಷ್ಯ ಬಾಯಿ ಮುಕ್ಕಳಿಸಿ ಉಗಿದ. ಅದೇ ಅಲೆ ಬಂದು ಛೀಫ್‌ನ ಕಾಲ ಬೆರಳು ಸವರಿಕೊಂಡು ಹೋಯಿತು. ಅವರು ಒಂಟಿಕಾಲಲ್ಲಿ ನಿಂತರು.

"ಕಡಲೆ, ಕಡಲೆ!" ಎಂದು ಮಾರುವವನೊಬ್ಬ ಕೂಗಿದ.

"ಇದು ಕಡಲೇ? ಎಂಜಲು ಮುಸುರೆ!"

"ಭಾವ, ತೀರದಲ್ಲಿ ತೀರಾ ಮುಖ ಗಂಟು ಹಾಕ್ಬೇಡಿ" ಎಂದ ಬಾಮೈದ. "ಇನ್ನೂ ಎರಡು ಬಾಕಿ ಇದೆ. ಬೇಕಾದ್ರೆ ಆಟೋ ಹಿಡಿದು ವಾಪಸ್..."

"ಮುಚ್ಚಯ್ಯ ಬಾಯಿ. ನಡಿ."

ಎರಡನೇ ಬೀಚಿಗೆ ಹೋಗಲು ಬಂಡೆಗಳ ಮೇಲೆ ಹತ್ತಿ ಇಳಿಯಬೇಕು. ಆ ಬಂಡೆಗಳ ಮರೆಯನ್ನು ಊರಿನವರು ಬೆಳಗಿನ ಅವಸರಕ್ಕೆ ಬಳಸುತ್ತಿದ್ದರೆಂದು ಮೊದಲು ಗೊತ್ತಾದದ್ದು ಮೂಗಿಗೆ, ಆಮೇಲೆ ಕಾಲಿಗೆ. ಅದನ್ನು ವಿವರಿಸುವುದು ಬೇಡ. ಛೀಫ್ ಚಪ್ಪಲಿಯನ್ನು ಕಲ್ಲಿಗುಜ್ಜಿದರು, ಮರಳಿಗುಜ್ಜಿದರು, ನೀರಲ್ಲಿ ಅದ್ದಿದರು. ಕೊನೆಗೆ ಸ್ಪಿರಿಟ್ಟಿನ ಅರ್ಧ ಬಾಟಲಿ ಸುರಿದರು. ಕಣ್ಣಲ್ಲಿ ನೀರು. ಹೊಟ್ಟೆಯಿಂದ ತಿಂಡಿ ಗಂಟಲವರೆಗೆ ಬಂದು, ಹೊರಗಿನ ನೋಟ ನೋಡಿ, ತಾನೇ ಹೇಸಿ ಒಳಗೆ ಹೋಯಿತು.

"ಅಪ್ಪಾ, ಇಲ್ಲಿಂದ ಮೇಲೆ ಹತ್ತಿದ್ರೆ ರಸ್ತೆ" ಎಂದಳು ಮಗಳು, ಮೆಲ್ಲಗೆ. "ನೀನು ಹೋಗ್ತೀಯಾ?"

ಆ 'ಹೋಗ್ತೀಯಾ'ದಲ್ಲಿ ಬೇಡಿಕೆ ಇರಲಿಲ್ಲ, ರೂಢಿ ಇತ್ತು. ಮಗಳು ಆಗಲೇ ಟಾಟಾ ಮಾಡಲು ಕೈ ಅರ್ಧ ಎತ್ತಿದ್ದಳು. ಛೀಫ್ ಆ ಕೈಯನ್ನು ನೋಡಿದರು. ಹಿಡಿದುಕೊಂಡರು. ಅದು ಅಂಟಂಟಾಗಿತ್ತು: ಬೆಲ್ಲ, ಮರಳು, ಮೂಗು ಒರೆಸಿದ್ದು. ಬಿಡಲಿಲ್ಲ.

ಎರಡನೇ ಬೀಚು ಪೂರ್ತಿ ಮೀನಿನದು. ಹಾಸಿದ ಬಲೆಗಳ ಮೇಲೆ ಒಣಗುವ ಮೀನು, ಮೀನಿನ ಮೇಲೆ ನೊಣ. ಜನ ಬಂದರೆ ನೊಣವೆಲ್ಲ ಎದ್ದು ಸ್ವಾಗತಕ್ಕೆ ಮುಖದ ಮೇಲೇ ಬರುತ್ತಿತ್ತು. ದಡಕ್ಕೆ ಬಿದ್ದಿದ್ದ ಲೋಳೆಮೀನೊಂದನ್ನು ಮಗಳು ಕಡ್ಡಿಯಿಂದ ಮೀಟಿದಾಗ ಅದು ನಡುಗಿತು, ಛೀಫ್ ಅದಕ್ಕಿಂತ ಹೆಚ್ಚು ನಡುಗಿದರು. ಹಡಗಿನ ಕೊಳಕು ಎಣ್ಣೆ ಗಟ್ಟಿಯಾಗಿ ಕರಿ ಉಂಡೆಗಳಾಗಿ ಮರಳಲ್ಲಿ ಬಿದ್ದಿತ್ತು. ಒಂದು ಅವರ ಪ್ಯಾಂಟಿನ ಅಂಚಿಗೆ ಕಚ್ಚಿಕೊಂಡಿತು. ಉಗುರಿಂದ ಕೆರೆದರು, ಮೂಸಿದರು. "ಹ್ಞಾಂ! ಅವರು ಹೇಳಿದ ಕಲೆ ಇದರದ್ದೇ ಇರಬೇಕು. ಮೂಲ ಸಿಕ್ಕಿತು!"

ಹಿಂದೆ ಅಕ್ಕ ತಮ್ಮ ಇಬ್ಬರಿಗೂ ಒಟ್ಟಿಗೆ ಕೆಮ್ಮು ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಮೂರನೇ ಬೀಚು ಸಿಕ್ಕಿತು. ಛೀಫ್ ಈಗ ಬಿಳಿಯಾಗಿರಲಿಲ್ಲ. ಮೊಣಕಾಲವರೆಗೆ ಪಾಚಿ, ತೋಳಿನಲ್ಲಿ ಮೀನಿನ ಹೊಳೆಯುವ ಸಿಪ್ಪೆ, ಬೆನ್ನ ಮೇಲೆ ಕಡಲಹಕ್ಕಿಯೊಂದು ಹಾರುತ್ತಾ ಒತ್ತಿದ ಮುದ್ರೆ. ಆದರೂ ಒಂದು ಕೈಯಲ್ಲಿ ಬ್ಯಾಗು ಎದೆಗವಚಿಕೊಂಡು, ಇನ್ನೊಂದರಲ್ಲಿ ಮಗಳ ಕೈ ಹಿಡಿದು ಅಧಿಕಾರದಿಂದ ನಡೆದರು. ಅಲ್ಲಲ್ಲಿ ಜನ ಗುಂಪುಗುಂಪಾಗಿ ನೆಲಕ್ಕೆ ಬಗ್ಗಿ ನೋಡುತ್ತಿದ್ದರು. ಕೈತುಂಬ ಕೆಸರು ಮೆತ್ತಿಕೊಂಡ ಒಬ್ಬ ತರುಣಿ ಓಡಿ ಬಂದಳು.

"ಕಲೆ ನೋಡೋಕೆ ಬಂದ್ರಾ ಸಾರ್?"

"ಹೌದು. ಎಲ್ಲಿದೆ?"

"ಅಯ್ಯೋ, ಅದರ ಬಾಲದ ಮೇಲೇ ನಿಂತಿದೀರಲ್ಲ!"

ಛೀಫ್ ಎಗರಿ ಪಕ್ಕಕ್ಕೆ ಬಿದ್ದರು. "ಬಾಲವಾ? ಅಷ್ಟು ದೂರ ಹರಡಿದೆಯಾ? ಎಷ್ಟು ದಿನ ಆಯ್ತು ಇದಾಗಿ?"

"ಇವತ್ತು ಬೆಳಿಗ್ಗೆ ಶುರು ಮಾಡಿದ್ದು."

"ಹಾಗಾದ್ರೆ ಹಸಿ ಇದೆ. ಹೆದರಬೇಡಿ, ಒಂದು ಕೈ ಉಜ್ಜಿದ್ರೆ ಗುರುತೇ ಸಿಗದ ಹಾಗೆ ತೆಗೆದುಬಿಡ್ತೀನಿ."

"ತೆಗೀತೀರಾ?" ತರುಣಿಯ ದನಿ ಏರಿತು. "ನಾಲ್ಕು ಜನ ಬೆನ್ನು ಮುರ್ಕೊಂಡು ಮಾಡಿದ್ದು ಸಾರ್!"

"ಬೇಕೂಂತಲೇ ಮಾಡಿದ್ರಾ? ನಾಲ್ಕು ಜನ ಸೇರ್ಕೊಂಡು? ಛೀ! ಓದಿರೋ ಹಾಗೆ ಕಾಣ್ತೀರಿ, ನಾಚಿಕೆ ಆಗಲ್ವಾ?"

ತರುಣಿ ಬೆರಳೆತ್ತಿ ಮೇಲೆ ತೋರಿಸಿದಳು. ಎರಡು ಕಂಬಗಳ ನಡುವೆ ಬಟ್ಟೆಯ ಫಲಕ: ಮರಳು ಕಲೆ ಪ್ರದರ್ಶನ. ಅದರ ಕೆಳಗೆ, ಛೀಫ್ ತುಳಿದ ಬಾಲದ ಆಚೆ ತುದಿಯಲ್ಲಿ, ಒಂದು ಮೊಸಳೆ ಮರಳಿನ ಹಲ್ಲು ಕಿರಿದುಕೊಂಡು ಮಲಗಿತ್ತು.

ಅವರ ಬೆನ್ನ ಹಿಂದಿನಿಂದ ಕಡತದ ಧೂಳಿನ ದನಿ ಬಂತು. "ತಜ್ಞರು ದಯಮಾಡಿಸಿದ್ರಾ? ತಮ್ಮ ಅಭಿಪ್ರಾಯ ಏನು ಸಾರ್?"

ಛೀಫ್ ತಿರುಗಿದರು. ಬಾಮೈದನ ಬಾಯಿ ಇನ್ನೂ ಅಧಿಕಾರಿಯ ಆಕಾರದಲ್ಲೇ ಇತ್ತು.

"ಲಾಡ್ಜಿನ ಕೌಂಟರಲ್ಲೇ ಇದರ ಪೋಸ್ಟರ್ ಇತ್ತು ರೀ" ಎಂದಳು ಹೆಂಡತಿ. "ನೀವು ನೋಡಿದ್ದು ಅದರ ಮೇಲಿನ ನೊಣದ ಹಿಕ್ಕೆ ಮಾತ್ರ." ಹಾಸ್ಯ ಮಾಡಲು ಹೋದಳು, ಆದರೆ ದನಿ ಅರ್ಧಕ್ಕೇ ಒಣಗಿತು. ಬೀಚಿನ ಬಾಯಲ್ಲೇ ಲಾಡ್ಜಿನ ಕಡೆ ಹೋಗುವ ಬಸ್ಸು ಎಂಜಿನ್ ಗುರುಗುಟ್ಟಿಸುತ್ತಾ ನಿಂತಿತ್ತು. ಛೀಫ್ ಅದನ್ನು ನೋಡಿದರು. ಬ್ಯಾಗನ್ನು ಹೆಗಲಿಗೇರಿಸಿದರು. ಬಾಮೈದ ನಗು ನುಂಗಿಕೊಂಡ. ಮಗಳು ಅಪ್ಪನ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳತೊಡಗಿದಳು.

"ಸಾರ್," ಎಂದಳು ತರುಣಿ, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಜವಾದ ಅನುಮಾನದಿಂದ, "ನಿಮ್ಮ ಮೈಮೇಲೆಲ್ಲ ಇರೋದು... ಅದೂ ಕಲೆನಾ? ನೀವೂ ಪ್ರದರ್ಶನಕ್ಕೆ ಬಂದೋರಾ?"

ಛೀಫ್ ಬಗ್ಗಿ ತಮ್ಮ ಅಂಗಿಯನ್ನು ಆವತ್ತು ಮೊದಲ ಸಲ ಪೂರ್ತಿ ನೋಡಿಕೊಂಡರು. ಇಂಥದೊಂದು ಬಟ್ಟೆ ಅಂಗಡಿಗೆ ಬಂದಿದ್ದರೆ ಅವರು ಅದನ್ನು ಕೋಲಿನ ತುದಿಯಲ್ಲಿ ಹೊರಗೆ ಸಾಗಿಸುತ್ತಿದ್ದರು. ಗಂಟಲಿಗೆ ಬಂದದ್ದು ಹಳೆಯ ಮಾತೇ.

"ಛೀ," ಎಂದರು. "ಛೀ... ಛಿ... ಹಿ..."

ಮಹಾಪ್ರಾಣದ ಛಕಾರದಲ್ಲಿ ಚಕಾರ ಎಲ್ಲೋ ಕಳಚಿ ಬಿದ್ದು ಬರೀ ಉಸಿರು ಉಳಿಯಿತು. "ಹಿ... ಹಿಹಿ... ಹಹ್ಹಹ್ಹಾ!" ನಿಲ್ಲಲಾಗದೆ ದೊಪ್ಪೆಂದು ಮೊಸಳೆಯ ಬೆನ್ನ ಮೇಲೇ ಕೂತರು. ತರುಣಿ ಚೀರಿದಳು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು, ಬಾಮೈದ ಭಾವನ ನಗೆಯನ್ನೇ ಅನುಕರಿಸಲು ಹೋಗಿ ಸೋತ, ಮಗಳು ಅಪ್ಪನ ಮೇಲೆ ಬಿದ್ದು ನಕ್ಕಳು. ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು. ಅದರ ಹಾರ್ನ್ ಯಾರಿಗೂ ಕೇಳಿಸಲಿಲ್ಲ. ಛೀಫ್‌ನ ನಗೆ ಅದಕ್ಕಿಂತ ಜೋರಾಗಿತ್ತು.