ನಾಚಿಕಿ ಬರಂಗಿಲ್ಲೇನು?

ಡಿಜೆ ವಿರುದ್ಧ ಪ್ರಸಂಗ ಮಾಡಲು ನಾನು ಡಿಜೆಯವನ ಸ್ಪೀಕರನ್ನೇ ಬಾಡಿಗೆಗೆ ತರಿಸಿದೆ. ಏನು ಮಾಡಲಿ, ರಂಗಂಪೇಟೆಯ ನಮ್ಮ ಚರ್ಚಿನ ಮೈಕು ಮುಂದಿನ ಸಾಲು ದಾಟುತ್ತಿರಲಿಲ್ಲ. ನನಗೋ ನನ್ನ ಮಾತು ಕಕ್ಕೇರಾವರೆಗೂ ಕೇಳಬೇಕೆಂಬ ಆಸೆ. ಕಾಲ ಕೆಟ್ಟು ಕೆರ ಹಿಡಿದಿದೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದ ಸಭೆಯ ಹಿರಿಯ ಶಾಂತಕುಮಾರ ನಾನೇ. ರೀಲ್ಸು, ಧಾರಾವಾಹಿ, ಸಿನಿಮಾ ಹಾಡಿಗೆ ಸೊಂಟ ಕುಣಿಸುವ ಮದುವೆ ಮೆರವಣಿಗೆ ಎಲ್ಲವೂ ಸೈತಾನನ ಕೆಲಸ. ಅವನು ಏನೇನು ಮಾಡುತ್ತಿದ್ದಾನೆಂದು ತಿಳಿಯಲು ನಾನೂ ದಿನಾ ಒಂದು ತಾಸು ರೀಲ್ಸು ನೋಡುತ್ತಿದ್ದೆ, ಅದು ಬೇರೆ ಮಾತು.

ಡಿಜೆ ಸಾಯಿಕುಮಾರ ವೈರು ಜೋಡಿಸಿ ನನ್ನ ದನಿಗೆ ಎಕೋ ಹಾಕಿ ತೋರಿಸಿದ. ಹಾಳಾದ್ದು, ಎಷ್ಟು ಚೆಂದ ಕೇಳಿಸಿತು! ನನ್ನ ಕೆಮ್ಮು ಕೂಡ ಪ್ರವಾದಿಯ ಕೆಮ್ಮಿನಂತಿತ್ತು. ಇನ್ನಷ್ಟು ಹೆಚ್ಚಿಸು ಎಂದೆ. ಸಭೆ ಸೇರಿದ ಮೇಲೆ ಅದೇ ಹುರುಪಿನಲ್ಲಿ, ಹೀಗೆ ಬೀದಿಯಲ್ಲಿ ಕುಣಿಯಲು ನಾಚಿಕಿ ಬರಂಗಿಲ್ಲೇನು ಎಂದು ಗುಡುಗಿದೆ. ಯಾರೂ ಉತ್ತರಿಸಲಿಲ್ಲ. ನನ್ನ ಪ್ರಸಂಗಕ್ಕೆ ಉತ್ತರ ಕೊಡುವ ರೂಢಿ ನಮ್ಮ ಸಭೆಗಿಲ್ಲ. ಎಕೋ ತಲೆಗೇರಿತ್ತು. ಡಿಜೆ ಹಚ್ಚಿದ ಮದುವೆಗೆ ಕಾಲಿಡುವುದಿಲ್ಲ, ಅದು ನನ್ನ ಮನೆಯದೇ ಆಗಿರಲಿ ಎಂದು ಘೋಷಿಸಿಯೂ ಬಿಟ್ಟೆ.

ಸ್ವಲ್ಪ ದಿನಕ್ಕೇ ಮಗಳು ನಂದಿನಿಯ ಮದುವೆ ಗೊತ್ತಾಯಿತು. ಶಹಾಪುರದ ಬೀಗರು ಒಳ್ಳೆಯ ಜನ, ಆದರೆ ಹುಡುಗನ ಗೆಳೆಯರು ಡಿಜೆ ಬೇಕೇ ಬೇಕೆಂದು ಹಟ ಹಿಡಿದರು. ಹಾಗಾದರೆ ನಾನು ಬರುವುದಿಲ್ಲ ಎಂದೆ. ಮದುವಣಗಿತ್ತಿಯನ್ನು ಕೈ ಹಿಡಿದು ಚರ್ಚಿನೊಳಗೆ ಕರೆದೊಯ್ಯುವವನು ತಂದೆಯಲ್ಲವೇ? ಮಗಳು ಬೇಡಿಕೊಳ್ಳುತ್ತಾಳೆಂದು ಕಾದೆ.

"ಆತು ಬಿಡಪ್ಪಾ. ಅಂಬಣ್ಣ ಮಾಮಾ ಕರ್ಕೊಂಡು ಹೋಗ್ತಾನ," ಎಂದಳು.

ಅವಳು ಅಳಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು. ಬಚ್ಚಲಿನಲ್ಲಿ ನಳ ಬಿಟ್ಟುಕೊಂಡು ಅತ್ತೆ.

ಮದುವೆಯ ದಿನ ಹೊಸ ಕೋಟು ತೊಟ್ಟು ಮನೆಯಲ್ಲೇ ಕುಳಿತೆ. ಬರದವನಿಗೆ ಕೋಟು ಯಾಕೆಂದು ಕೇಳಿ ಹೆಂಡತಿ ಚರ್ಚಿಗೆ ಹೊರಟುಹೋದಳು. ಚರ್ಚು ನಮ್ಮ ಓಣಿಯ ತುದಿಯಲ್ಲೇ ಇದೆ. ವರನ ಮೆರವಣಿಗೆ ಓಣಿ ಹೊಕ್ಕಿತು, ಸಾಯಿಕುಮಾರನ ಡಿಜೆ ಗಾಡಿಗೆ ಕಿಟಕಿಗಳು ನಡುಗಿದವು. ಬಡಿತ ಒಮ್ಮೆಲೇ ನಿಂತು ಒಂದು ಗುಡುಗು ಕೇಳಿತು.

"ನಾಚಿಕಿ ಬರಂಗಿಲ್ಲೇನು?"

"ಬರಂಗಿಲ್ಲ!" ಎಂದಿತು ಇಡೀ ಮೆರವಣಿಗೆ. ಮತ್ತೆ ಬಡಿತ.

ಆ ಗುಡುಗು ನನ್ನದೇ, ಎಕೋ ಸಮೇತ. ಸಾಯಿಕುಮಾರ ಅಂದು ರೆಕಾರ್ಡ್ ಮಾಡಿಕೊಂಡು ಬೀಟು ಕೂಡಿಸಿದ್ದ. ಕೆಂಭಾವಿಯ ಮದುವೆಗಳಲ್ಲಿ ಆಗಲೇ ಅದಕ್ಕೆ ಕುಣಿದು ಮುಗಿದಿತ್ತಂತೆ, ಗೊತ್ತಿಲ್ಲದವನು ನಾನೊಬ್ಬನೇ. ನನ್ನ ಜನ್ಮದಲ್ಲಿ ನನ್ನ ಪ್ರಸಂಗಕ್ಕೆ ಸಿಕ್ಕ ಮೊದಲ ಉತ್ತರ ಅದು.

ಸಿಟ್ಟು ನೆತ್ತಿಗೇರಿ ಬರಿಗಾಲಲ್ಲೇ ಓಡಿದೆ. ಕುಣಿಯಲು ಬಂದೆನೆಂದು ಬೀಗರು ಖುಷಿಯಿಂದ ದಾರಿ ಬಿಟ್ಟರು. ಸುಳ್ಳೇಕೆ ಹೇಳಲಿ, ನನ್ನ ಕಾಲೂ ತಾಳಕ್ಕೆ ಸರಿಯಾಗಿಯೇ ಬೀಳುತ್ತಿತ್ತು. ಸಾಯಿಕುಮಾರ ಹೆದರಿ ಹಾಡು ನಿಲ್ಲಿಸಿ ಮೈಕು ನನ್ನ ಕೈಗೆ ಕೊಟ್ಟ.

ಬೈಯಲೆಂದೇ ಬಾಯಿ ತೆರೆದೆ. ಚರ್ಚಿನ ಬಾಗಿಲಲ್ಲಿ ಬಿಳಿ ಸೀರೆಯ ನಂದಿನಿ ಅಂಬಣ್ಣನ ಕೈ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಬಾಡಿತು. ಇಲ್ಲೂ ಪ್ರಸಂಗ ಮಾಡುತ್ತಾನೆಂದು ಹೆದರಿದ್ದಳು ನನ್ನ ಕೂಸು. ಮೈಕು ಬಾಯಿಗೆ ಹಿಡಿದೆ.

"ನನಗ ನಾಚಿಕಿ ಬಂದದವ್ವಾ," ಎಂದೆ.

ಎಕೋ ಆರಿಸಿರಲಿಲ್ಲ. ನನ್ನ ನಾಚಿಕೆ ಓಣಿಯ ತುಂಬ ಮತ್ತೆ ಮತ್ತೆ ಕೇಳಿಸಿತು. ನಂದಿನಿ ಅಂಬಣ್ಣನ ಕೈ ಬಿಟ್ಟು ನನ್ನ ಕಾಲು ನೋಡಿದಳು.

"ಬೂಟು ಹಾಕ್ಕೊಂಡು ಬಾ ಅಪ್ಪಾ. ನಾ ನಿಂತಿರ್ತೀನಿ."