ಹರಿದ ಕಿವಿಯ ಕುಡು

ಹದ ಮಾಡಿ ಬಂದ ಚರ್ಮವನ್ನು ಮೇಜಿನ ಮೇಲೆ ಹರಡಿ ಇನಾವಿ ಕೈಯಾಡಿಸಿದಳು. ಕೆನ್ನೆಯ ಕೂದಲು ಬೆರಳಿಗೇ ಅಂಟಿಕೊಂಡು ಬಂತು. ಒಟ್ಜಿವಾರೊಂಗೊ ಊರಾಚೆಯ ಈ ಕಾರ್ಖಾನೆಯಲ್ಲಿ ಬೇಟೆಗಾರರು ಹೊಡೆದ ಪ್ರಾಣಿಗಳ ಚರ್ಮವನ್ನು ಫೋಮಿನ ಅಚ್ಚಿಗೆ ಹೊದಿಸಿ, ಗಾಜಿನ ಕಣ್ಣಿಟ್ಟು, ಗೋಡೆಗೆ ನೇತುಹಾಕುವ ತಲೆ ಮಾಡುತ್ತಾರೆ. ಹೀಗೆ ಕೂದಲು ಉದುರಿದರೆ ಕಾಡಿನಲ್ಲಿ ಉಪ್ಪು ಹಚ್ಚುವುದು ತಡವಾಗಿದೆ ಎಂದೇ ಲೆಕ್ಕ. ಈ ಕುಡು ಜಿಂಕೆಯನ್ನು ಸುಲಿದು ಉಪ್ಪು ಹಚ್ಚಿದವನು ಅವಳ ಅಪ್ಪ ಕಾವಾರಿ. ಅವನು ದುಡಿಯುವುದು ಗಿರಾಕಿಗಳಿಗೆ ಬೇಟೆಯಾಡಿಸುವ ಫಾರ್ಮಿನಲ್ಲಿ; ಅದರ ಒಡೆಯ ಕಾರಣ ಕೇಳುವ ಪೈಕಿಯಲ್ಲ. ಹೋದ ವರ್ಷ ಇಂಥದೇ ತಪ್ಪಿಗೆ ಒಬ್ಬನನ್ನು ಮನೆಗೆ ಕಳಿಸಿದ್ದ.

"ಯಾಕಮ್ಮ ಮುಖ ಸಪ್ಪಗಾಯ್ತು?" ಎಂದ ಕಾರ್ಖಾನೆಯ ಯಜಮಾನ ಫಾನ್. "ತಣ್ಣನೆ ಕೋಣೇಲಿ ಇನ್ನೊಂದು ಕುಡು ಚರ್ಮ ಇದ್ಯಲ್ಲ, ಅದನ್ನೇ ಹೊದಿಸು. ಕೊಂಬು ಗಿರಾಕಿ ಹೊಡೆದ ಕುಡುದೇ ತಾನೆ? ಗಿರಾಕಿಗಳು ಅಳೆಯೋದು ಕೊಂಬನ್ನ. ನಾನು ಬಾಯಿ ಬಿಡಲ್ಲ, ನಿಮ್ಮಪ್ಪನ ಕೆಲಸಾನೂ ಉಳಿಯುತ್ತೆ."

ಫಾನ್ ಕೆಟ್ಟವನಲ್ಲ. ಸುಳ್ಳನ್ನೂ ಉಪಕಾರದ ಹಾಗೆ ಹೇಳುವುದು ಅವನಿಗೆ ಸಲೀಸು, ಅಷ್ಟೆ. ಇನಾವಿ ಆ ಇನ್ನೊಂದು ಚರ್ಮವನ್ನೇ ಅಚ್ಚಿಗೆ ಹೊದಿಸಿ ಹೊಲಿದಳು. ಕೆಟ್ಟ ಚರ್ಮವನ್ನು ಮಾತ್ರ ಎಸೆಯಲಾರದೆ ಬಟ್ಟೆಯಲ್ಲಿ ಸುತ್ತಿ ತಣ್ಣನೆ ಕೋಣೆಯ ಮೂಲೆಯಲ್ಲಿಟ್ಟಳು.

ಮುಂದಿನ ಚಳಿಗಾಲಕ್ಕೆ ಆ ಕುಡುವನ್ನು ಹೊಡೆದ ಗಿರಾಕಿ, ಆಸ್ಟ್ರಿಯಾದ ಮುದುಕ ಲೈಟ್‌ಗೆಬ್, ತಲೆಯನ್ನು ಒಯ್ಯಲು ಖುದ್ದಾಗಿ ಬಂದ. ಜೊತೆಗೆ ಕಾವಾರಿಯನ್ನೂ ಕರೆತಂದಿದ್ದ.

"ಆಹಾ, ಈಗ್ಲೇ ಎದ್ದು ಓಡೋ ಹಾಗಿದೆ! ನೋಡು ಕಾವಾರಿ, ನಮ್ಮ ಕುಡು!"

ಕಾವಾರಿ ಹತ್ತಿರ ಬಂದು ಎಡಗಿವಿಯನ್ನು ಮುಟ್ಟಿದ. ಅವನ ಹೆರೆರೊ ಜನ ತಮ್ಮ ದನವನ್ನು ಕಿವಿಯ ಗುರುತಿನಿಂದಲೇ ಪತ್ತೆ ಹಚ್ಚುವವರು. ಪರರ ಹಸುವನ್ನು ತನ್ನದೆಂದವನ ಮನೆಯ ಹುಳಿಹಾಲನ್ನೂ ಅವರು ಮುಟ್ಟುವುದಿಲ್ಲ. ಅವನು ಮಗಳ ಕಡೆ ನೋಡಿದ. ಇದೊಂದು ಸಲ ಸುಮ್ಮನಿರಪ್ಪ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಇದು ನಮ್ಮದಲ್ಲ ಯಜಮಾನ್ರೇ," ಎಂದ ಕಾವಾರಿ. "ನಮ್ಮದರ ಕಿವಿ ಹರಿದಿತ್ತು. ಆ ಚರ್ಮ ನನ್ನ ಕೈಲೇ ಕೆಟ್ಟಿರ್ಬೇಕು. ಉಪ್ಪು ಹಚ್ಚೋದು ತಡ ಆಯ್ತು."

ಫಾನ್ ಸುಮ್ಮಸುಮ್ಮನೆ ಕೆಮ್ಮಿದ.

"ಯಾಕೆ ತಡ ಆಯ್ತು?" ಎಂದು ಕೇಳಿದ ಲೈಟ್‌ಗೆಬ್.

ಕಾವಾರಿಗೆ ಅದನ್ನು ಹೇಳಲು ನಾಚಿಕೆ. "ಅವತ್ತು ಕುಡು ಹೊಡೆದ ಮೇಲೆ ನೀವು ಎದೆ ಹಿಡ್ಕೊಂಡು ಬಿದ್ರಲ್ಲ. ಗಾಡಿ ಬರೋವರ್ಗೂ ನಿಮ್ಮ ತಲೆ ನನ್ನ ತೊಡೆ ಮೇಲಿತ್ತು. ಅದನ್ನ ಕೆಳಗಿಟ್ಟು ಉಪ್ಪು ಹಚ್ಚೋಕೆ ಹೋಗ್ಲಾ?"

ಮುದುಕ ಅಲ್ಲೇ ಇದ್ದ ಸ್ಟೂಲನ್ನು ಎಳೆದು ಕೂತ. ಆಮೇಲೆ ಇನಾವಿಯ ಕಡೆ ತಿರುಗಿದ.

"ಆ ಚರ್ಮ ಬಿಸಾಕಿಬಿಟ್ಯೇನಮ್ಮ?"

ಅವಳು ಓಡಿಹೋಗಿ ಗಂಟನ್ನು ತಂದು ಬಿಚ್ಚಿದಳು. ಅವನು ಬೋಳು ಕೆನ್ನೆಯನ್ನು ಸವರಿದ.

"ಇದನ್ನೇ ಹೊದಿಸು. ಬೋಳಾಗಿದ್ರೆ ಇರ್ಲಿ ಬಿಡು, ನನ್ನ ತಲೆ ಏನು ಮಹಾ ಚೆನ್ನಾಗಿದ್ಯಾ? ಉಪ್ಪು ಯಾಕೆ ತಡ ಆಯ್ತು ಅಂತ ಫಾರ್ಮಿನ ಒಡೆಯನಿಗೆ ನಾನೇ ಹೇಳ್ತೀನಿ."

ಇನಾವಿಯ ಕಣ್ಣು ಮಂಜಾಯಿತು. ಅಂದೇ ಹಳೆಯ ಹೊಲಿಗೆ ಬಿಚ್ಚಲು ಕೂತಳು, ಅಪ್ಪ ಪಕ್ಕದಲ್ಲಿ ಚಹಾ ಹೀರುತ್ತ ಕೂತ. ಹೊಸದಾಗಿ ಹೊಲಿಯುವಾಗ ಅವಳು ಹರಿದ ಕಿವಿಗೆ ಮಾತ್ರ ಸೂಜಿ ತಾಗಿಸಲಿಲ್ಲ.