ಮದುಮಗನ ಎಡಗೆನ್ನೆ

ಕ್ಷೌರದ ಕತ್ತಿ ಎಡಗಣ್ಣಿನ ಪಕ್ಕದಲ್ಲೇ, ಅಂಗುಲದಂತರದಲ್ಲಿ ಮಿಂಚಿ ಹೋಯಿತು. ಸಿಫಿಸ್ ರೆಪ್ಪೆ ಬಡಿಯಲಿಲ್ಲ.

ಮನೂಸೊನ ಕೈ ನಿಂತಿತು. ಇಡೀ ಕ್ರೀಟ್ ದ್ವೀಪದಲ್ಲಿ ಅವನಷ್ಟು ಗಡ್ಡ ಬೋಳಿಸಿದವನು ಇನ್ನೊಬ್ಬನಿರಲಿಲ್ಲ. ನಲವತ್ತು ವರ್ಷ ಅವನು ಕೆರೆದು ಚೆಲ್ಲಿದ ಕೂದಲನ್ನು ರಾಶಿ ಹಾಕಿದ್ದರೆ ಪ್ಸಿಲೊರೀತಿಸ್ ಬೆಟ್ಟಕ್ಕೆ ಒಬ್ಬ ತಮ್ಮ ಹುಟ್ಟುತ್ತಿದ್ದ. ಕತ್ತಿ ಬಂದರೆ ಅದುರದ ರೆಪ್ಪೆಯನ್ನು ಅವನು ಕಂಡದ್ದು ಹೆಣದ ಮುಖದಲ್ಲಿ ಮಾತ್ರ.

ಅಂಗಡಿಯ ಹೊರಗೆ ಗೆಳೆಯರು ಲೀರಾ ವಾದ್ಯ ನುಡಿಸುತ್ತ, ಮದುವೆಯ ಸಂಭ್ರಮಕ್ಕೆ ಮೋಡ ಸೋರುವಷ್ಟು ಗುಂಡು ಹಾರಿಸುತ್ತಿದ್ದರು. ಮಹಡಿಯ ಮೇಲೆ ಏಳು ಜನ ಅತ್ತೆಯರು ಮನೂಸೊನ ಮಗಳು ಅರ್ಗಿರೊಗೆ ಮದುವೆಯ ಉಡುಪು ತೊಡಿಸುತ್ತಿದ್ದರು. ಕುರ್ಚಿಯಲ್ಲಿ ಕೂತಿದ್ದವನೇ ಮದುಮಗ.

ಹೋದ ಈಸ್ಟರಿನಲ್ಲಿ ಸಿಫಿಸ್ ಬೈಕಿನಿಂದ ಬಿದ್ದಿದ್ದ. ಊರ ಗಂಡಸರ ಪದ್ಧತಿಯಂತೆ ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡಿದ್ದ; ಮೊಣಕೈಗೆ ಒಂದು ಗೀರೂ ಆಗಲಿಲ್ಲ. ದವಡೆ ಮೂರು ತುಂಡಾಯಿತು, ಎಡಗೆನ್ನೆಯ ಮೂಳೆ ಮೊಟ್ಟೆಯ ಚಿಪ್ಪಿನಂತೆ ಪುಡಿಯಾಯಿತು. ಡಾಕ್ಟರು ಆ ಮುಖಕ್ಕೆ ಬಿಗಿದ ತಿರುಪುಗಳಲ್ಲಿ ಒಂದು ಮೀನುದೋಣಿ ಕಟ್ಟಬಹುದೆಂದು ಊರು ಹೇಳುತ್ತಿತ್ತು. ಮನೂಸೊ ಎರಡು ದೋಣಿ ಎನ್ನುತ್ತಿದ್ದ. ಕಣ್ಣಿನ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ.

"ಏನ್ ಮಾವ, ಕೈ ನಡುಗ್ತಾ? ಮಗಳನ್ನ ಕೊಡೋಕೆ ಹೊಟ್ಟೆ ಉರೀತಾ?"

ಮನೂಸೊ ಒದ್ದೆ ಟವೆಲನ್ನು ಅವನ ಬಲಗಣ್ಣಿಗೆ ಒತ್ತಿ, ಎದುರಿಗೆ ಮುಷ್ಟಿ ಹಿಡಿದ. "ಎಷ್ಟು ಬೆರಳು?"

"ಮೂರು," ಎಂದ ಸಿಫಿಸ್, ಎಣಿಸಿ ನೋಡಿದವನಷ್ಟು ಗತ್ತಿನಿಂದ.

"ಬೈಕಿನ ಕೀಲಿ ಇಲ್ಲಿಡು."

"ಆಗಲ್ಲ ಮಾವ. ಮದುಮಗಳನ್ನ ಬೈಕಲ್ಲೇ ಚರ್ಚಿಗೆ ಕರ್ಕೊಂಡ್ ಹೋಗ್ತೀನಿ ಅಂತ ಊರಿಗೆಲ್ಲ ಹೇಳಿದೀನಿ."

"ಹಾಗಾದ್ರೆ ಬಲಗೆನ್ನೆ ನಾನು ಮುಟ್ಟಲ್ಲ. ಅರ್ಧ ಗಡ್ಡದಲ್ಲಿ ಪಾದ್ರಿ ಮುಂದೆ ನಿಂತ್ಕೋ, ಹೋಗು."

ಸಿಫಿಸ್ ನಗಲು ಹೋದ. ತುಟಿಯ ಬಲತುದಿ ಮಾತ್ರ ಮೇಲೆದ್ದಿತು. "ಅರ್ಗಿರೊಗೆ ಗೊತ್ತು, ಮಾವ. ಹಿಂದೆ ಕೂತು ಎಡಭುಜ ತಟ್ತಾಳೆ. ಒಂದು ತಟ್ಟಿದ್ರೆ ಎಡಗಡೆ ಎದುರಿಗೆ ಗಾಡಿ. ಎರಡು ತಟ್ಟಿದ್ರೆ ಬ್ರೇಕು. ಆರು ತಿಂಗಳಿಂದ ಹೀಗೇ ಓಡಾಡ್ತಿದೀವಿ."

ಮೆಟ್ಟಿಲ ಮೇಲೆ ಬಟ್ಟೆ ಸರಿದ ಸದ್ದಾಯಿತು. ಬಿಳಿ ಉಡುಪಿನಲ್ಲಿ ಅರ್ಗಿರೊ ಇಳಿದುಬಂದಳು. ಆ ಬೆಳಕಿಗೆ ಅಂಗಡಿಯ ಕನ್ನಡಿಗಳೆಲ್ಲ ಕಣ್ಣು ಕಿವುಚಿಕೊಂಡವು.

"ಇದೇನಪ್ಪ, ಅರ್ಧಕ್ಕೇ ಬಿಟ್ಟಿದೀಯ?"

"ಕಾರಲ್ಲಿ ಹೋಗು, ಮಗಳೇ."

ಅವಳು ಇಬ್ಬರ ಮುಖವನ್ನೂ ನೋಡಿ ಅರ್ಥ ಮಾಡಿಕೊಂಡಳು. "ಇವತ್ತು ಇವನು ಬೈಕ್ ಹತ್ತದಿದ್ರೆ ಇನ್ನು ಯಾವತ್ತೂ ತಲೆ ಎತ್ತಲ್ಲ. ನಾನು ಒಂದು ಸಲಾನೂ ತಪ್ಪಾಗಿ ತಟ್ಟಿಲ್ಲ."

"ಮನೂಸೊ, ಇನ್ನೂ ಆಗಿಲ್ವಾ?" ಹೊರಗಿನಿಂದ ಯಾರೋ ಕೂಗಿದರು. "ಗಡ್ಡ ಬೋಳಿಸ್ತಿದೀಯೋ, ಬೆಳೆಸ್ತಿದೀಯೋ?"

ನಗೆಯೆದ್ದಿತು. ಅರ್ಧ ಕ್ಷೌರದ ಅಳಿಯ ಈ ಬಾಗಿಲು ದಾಟಿದರೆ ಊರು ಏಳು ತಲೆಮಾರು ಆಡಿಕೊಳ್ಳುತ್ತಿತ್ತು. ಮನೂಸೊ ಕತ್ತಿಯನ್ನು ಮಸೆಯುವ ಚರ್ಮದ ಪಟ್ಟಿಗೆ ಎರಡು ಸಲ ಎಳೆದು, ಬಲಗೆನ್ನೆಯನ್ನು ಬೋಳಿಸಿದ. ಅಷ್ಟು ನುಣುಪಾಗಿ ಅವನು ಎಂದೂ ಬೋಳಿಸಿರಲಿಲ್ಲ.

ಬೈಕು ಗುಡುಗಿತು. ಅರ್ಗಿರೊ ಹೂಗುಚ್ಛ ಹಿಡಿದ ಬಲಗೈಯಿಂದ ಸಿಫಿಸನ ಸೊಂಟ ಬಳಸಿ, ಎಡಗೈಯನ್ನು ಅವನ ಭುಜದ ಮೇಲಿಟ್ಟಳು. ಜನ ಕೇಕೆ ಹಾಕಿದರು. ಬಾಗಿಲಲ್ಲಿ ನಿಂತ ಮನೂಸೊ ಮತ್ತೇನನ್ನೂ ನೋಡಲಿಲ್ಲ, ಆ ಕೈಯೊಂದನ್ನೇ ನೋಡಿದ.

ಬೀದಿಯ ತುದಿಯಲ್ಲಿ ರಸ್ತೆ ಸಮುದ್ರದ ಕಡೆಗೆ ತಿರುಗುತ್ತದೆ. ಆ ತಿರುವಿನಾಚೆ, ಆಲಿವ್ ಮರಗಳ ಮೇಲೆ, ಇತ್ತಲೇ ಬರುತ್ತಿದ್ದ ಯಾವುದೋ ಗಾಡಿಯ ಧೂಳು ಏಳುತ್ತಿತ್ತು. ಗಾಳಿ ಬೀಸಿ ಮದುಮಗಳ ಮುಸುಕು ಮೇಲೆದ್ದಿತು. ಅರ್ಗಿರೊ ಎಡಗೈಯನ್ನು ಸಿಫಿಸನ ಭುಜದಿಂದ ತೆಗೆದು, ನಗುತ್ತ, ತನ್ನ ತಲೆಯ ಮೇಲಿಟ್ಟುಕೊಂಡಳು.